ಹಪ್ಪಳ ಕಾಯುವ ಮುಯ್ಯಿ

ನರ್ಮದಾ ಎಸೆದ ಹೆಂಚಿನ ಚೂರು ಕಾಗೆಗೆ ತಾಗಲಿಲ್ಲ. ಕಾಗೆ ಅದನ್ನು ಮೊದಲೇ ಊಹಿಸಿದಂತೆ ಒಂದು ಗೇಣು ಸರಿದು ನಿಂತಿತು. ಚೂರು ಮುಂದೆ ಹಾರಿ, ಅಂಗಳದ ಮೂಲೆಯಲ್ಲಿ ಬಿಚ್ಚಿಟ್ಟಿದ್ದ ಕಪ್ಪು ಛತ್ರಿಯನ್ನು ಪರ್ರೆಂದು ಹರಿದು ಒಳಗೆ ಬಿತ್ತು.

ಹೊನ್ನಾವರದ ಹತ್ತಿರದ ಮಂಕಿಯಲ್ಲಿ ಹಪ್ಪಳ ಒಣಗಿಸುವಾಗ ಅಂಗಳದಲ್ಲೊಂದು ಕಪ್ಪು ಛತ್ರಿ ಬಿಚ್ಚಿಡುವುದು ರೂಢಿ. ಕಾಗೆ ಹೆದರುತ್ತದೆಂದು ನಂಬಿಕೆ. ಈ ನಂಬಿಕೆಯ ವಿಷಯ ಕಾಗೆಗಳಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ. ಹಾಗಾಗಿ ಛತ್ರಿಯ ಕೆಳಗೆ ಮನುಷ್ಯನಿರಬಹುದೆಂದು ನರ್ಮದೆಗೆ ಹೊಳೆಯಲೇ ಇಲ್ಲ.

ಛತ್ರಿ ಮೆಲ್ಲನೆ ವಾಲಿತು. ಅದರ ಹಿಂದಿನಿಂದ ಬಡಕಲು ಮುಖವೊಂದು, ಕ್ಷೌರ ಮರೆತ ಗಡ್ಡದೊಂದಿಗೆ ಹೊರಬಂತು. ಪಕ್ಕದ ಮನೆಯ ಹರಿಹರ. ಅವನು ಇವಳನ್ನು ನೋಡಲಿಲ್ಲ. ತೂತನ್ನು ನೋಡಿದ. ಕಿರುಬೆರಳನ್ನು ತೂತಿನಲ್ಲಿ ತೂರಿಸಿ ಅದರ ಅಳತೆ ನೋಡಿದ.

"ಛತ್ರಿ ನನ್ನದಲ್ಲ" ಎಂದ, ಅಲ್ಲಿಲ್ಲದ ಯಾರ ಹತ್ತಿರವೋ ಕ್ಷಮೆ ಕೇಳುವ ದನಿಯಲ್ಲಿ.

ನರ್ಮದೆಗೆ ನಗು ಬಂತು, ಆಮೇಲೆ ನಾಚಿಕೆ ಬಂತು. ರೋಗಿಯನ್ನು ಮಾತಾಡಿಸಲು ಬಂದವಳು ಮೊದಲು ಕಲ್ಲು ಹೊಡೆದಿದ್ದಳು.

ಅದು ಐವತ್ತೆಂಟನೆಯ ಇಸವಿಯ ಬೇಸಿಗೆ. ಹಿಂದಿನ ಮಳೆಗಾಲದಲ್ಲಿ ಲೋಕಕ್ಕೆಲ್ಲ ಬಂದ ಫ್ಲೂ ಮಂಕಿಯನ್ನೂ ಮರೆಯದೆ ಬಂದು ಹೋಗಿತ್ತು. ಮಲಗಿದವರಲ್ಲಿ ಹೆಚ್ಚಿನವರು ಎದ್ದರು. ಎದ್ದವರನ್ನೆಲ್ಲ ಊರು ಗುಣವಾದವರ ಸಾಲಿಗೆ ಸೇರಿಸಿತು. ಮುದುಕರಂತೂ ಎದ್ದವರೇ ಎಲೆಯಡಿಕೆ ಕೇಳಿ, ಹಳೆಯ ಜಗಳಗಳನ್ನು ಬಿಟ್ಟ ಜಾಗದಿಂದಲೇ ಮುಂದುವರಿಸಿದರು. ವಿಚಿತ್ರವೆಂದರೆ ಹರೆಯದವರದು. ಶಾಲೆಯ ಹಿಂದೆ ವಾಲಿಬಾಲ್ ಕಂಬಗಳು ಬಲೆಯಿಲ್ಲದೆ ನಿಂತಿದ್ದವು. ನಾಟಕ ಮಾಡುವ ಹುಡುಗರು ಆ ವರ್ಷ ಗಡ್ಡಮೀಸೆಯ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಸಂಜೆ ಮೋರಿಯ ಕಟ್ಟೆಯ ಮೇಲೆ ಸಾಲಾಗಿ ಕೂತು, ಯಾರೂ ಏನೂ ಮಾತಾಡದೆ, ಕತ್ತಲಾಗುವ ಮೊದಲೇ ಎದ್ದು ಹೋಗುತ್ತಿದ್ದರು.

ಜ್ವರ ಬಿಟ್ಟಿತ್ತು; ಇನ್ನೇನೋ ಬಿಟ್ಟಿರಲಿಲ್ಲ. ಅದಕ್ಕೆ ಹೆಸರಿರಲಿಲ್ಲವಾದ್ದರಿಂದ ಮನೆಗೊಂದು ಹೆಸರಿಟ್ಟರು. ಒಂದು ಮನೆಯಲ್ಲಿ ಉಷ್ಣ, ಇನ್ನೊಂದರಲ್ಲಿ ದೃಷ್ಟಿ, ಓದಿದವರ ಮನೆಯಲ್ಲಿ ಓದು, ಹರಿಹರನ ಮನೆಯಲ್ಲಿ ಬೊಂಬಾಯಿ ನೀರು. ಹೊನ್ನಾವರದ ಡಾಕ್ಟರು 'ವೀಕ್‌ನೆಸ್' ಎಂದು ಹೇಳಿ ಎಲ್ಲರಿಗೂ ಒಂದೇ ಕೆಂಪು ಟಾನಿಕ್ ಕೊಟ್ಟರು.

ನರ್ಮದೆಗೆ ಜ್ವರ ಬಂದದ್ದು ಕುಮಟೆಯಲ್ಲಿ, ಇಂಟರ್ ಓದಲು ಚಿಕ್ಕಮ್ಮನ ಮನೆಯಲ್ಲಿದ್ದಾಗ. ಮನೆಯಲ್ಲಿ ಎಳೆ ಮಗುವಿತ್ತು. ಅದಕ್ಕೇ ಇವಳನ್ನು ಅಕ್ಕಿಮೂಟೆಯ ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿದರು. ಹೊತ್ತುಹೊತ್ತಿಗೆ ಬಾಗಿಲು ಒಂದು ಚೂರು ಸರಿದು ಗಂಜಿ ಒಳಗೆ ಬರುತ್ತಿತ್ತು. ಯಾರದೂ ತಪ್ಪಿರಲಿಲ್ಲ. ಜ್ವರ ಬಿಟ್ಟ ಮೇಲೂ, ಇರಲಿ ಇನ್ನಷ್ಟು ದಿನ ಎಂದು ಬಾಗಿಲು ಹಾಕಿಯೇ ಇತ್ತು. ಕಡೆಗೊಮ್ಮೆ ನರ್ಮದಾ ಕೋಣೆಯಿಂದ ಹೊರಬಂದಾಗ ಅವಳ ಜೊತೆ ಕೋಣೆಯೂ ಹೊರಟು ಬಂತು. ಬಸ್ಸಿನ ಬಾಗಿಲು ಹಾಕಿದರೆ ಎದೆ ಹಾರುತ್ತಿತ್ತು. ಶರಾವತಿ ದಾಟುವ ಲಾಂಚಿನಲ್ಲಿ, ನಡುಹೊಳೆಯಲ್ಲಿ, ಉಸಿರು ಸಿಗದೆ ಅಪ್ಪನ ಶಲ್ಯ ಹಿಡಿದು ಕೂತವಳು ಮನೆ ಸೇರಿದ ಮೇಲೆ ಅಂಗಳದ ಬೇಲಿಯ ದಣಪೆ ದಾಟಿರಲಿಲ್ಲ. ಕೂದಲು ಉದುರಿ ಜಡೆ ಇಲಿಬಾಲವಾಗಿತ್ತು.

ಜೂನ್‌ನಲ್ಲಿ ಕಾಲೇಜು ತೆರೆಯುವಾಗ ಬಂದು ಕೂರದಿದ್ದರೆ ಹೆಸರು ಹೊಡೆದುಹಾಕುವುದಾಗಿ ಪ್ರಿನ್ಸಿಪಾಲರು ತಿಳಿಸಿದ್ದರು. ಹೋಗಬೇಕೆಂಬ ಆಸೆ ನರ್ಮದೆಗೆ ಹೊಟ್ಟೆತುಂಬ ಇತ್ತು. ನಡುವೆ ಒಂದು ಹೊಳೆಯಿತ್ತು.

ಅವಳ ತಾಯಿ ಮಹಾಲಕ್ಷ್ಮಿ ಈ ಸಂಗತಿಯನ್ನು ಊರಿಗೆ ಹೇಳಿರಲಿಲ್ಲ. ಕೇಳಿದವರಿಗೆಲ್ಲ ಕಾಲೇಜಿಗೆ ರಜೆ ಎಂದಿದ್ದಳು. ವರ್ಷವಿಡೀ ರಜೆ ಕೊಡುವ ಕಾಲೇಜು ಯಾವುದೆಂದು ಕೇಳುವಷ್ಟು ಓದಿದವರು ಕೇರಿಯಲ್ಲಿರಲಿಲ್ಲ. ಮಗಳ ತಲೆ ಸರಿಯಿಲ್ಲವೆಂದು ಒಮ್ಮೆ ಸುದ್ದಿಯಾದರೆ ನಾಳೆ ಜಾತಕ ಕೇಳಿ ಬರುವವರು ಯಾರು?

ಹಲಸಿನ ಹಪ್ಪಳದ ಕಾಲ ಬಂದಾಗ ಅವಳಿಗೊಂದು ಉಪಾಯ ಹೊಳೆಯಿತು.

ಹಪ್ಪಳದ ಕೆಲಸ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನಿಮ್ಮ ಮನೆಗೆ ನಾವು ಕೈಯಾಳಾಗಿ ಬಂದರೆ ನಾಳೆ ನಮ್ಮ ಮನೆಗೆ ನೀವು. ಹಣಕಾಸಿನ ಮಾತಿಲ್ಲ, ಆದರೆ ಬಂದ ಕೈಗೆ ಕೈ ವಾಪಸು ಹೋಗದಿದ್ದರೆ ಅದನ್ನು ಮೊಮ್ಮಕ್ಕಳಿಗೂ ಹೇಳಿಕೊಟ್ಟು ಹೋಗುವ ಹೆಂಗಸರು ಮಂಕಿಯಲ್ಲಿದ್ದರು. ಬೇಯಿಸುವುದು, ಕುಟ್ಟುವುದು, ಒತ್ತುವುದು ಎಲ್ಲ ಆದ ಮೇಲೆ ಕಡೆಯ ಕೆಲಸ, ಕಾಗೆ ಬಾರದಂತೆ ಕಾಯುವುದು. ಬೇರೆ ಯಾವ ಕೆಲಸಕ್ಕೂ ಒದಗದವರಿಗೆ ಕೊಡುವ ಕೆಲಸ ಅದು.

"ಪಕ್ಕದ ಮನೆ ಸುಬ್ಬಕ್ಕನ ಮಾಣಿ ಬೊಂಬಾಯಿಂದ ಬಂದಂವ ಯಾರ ಹತ್ರನೂ ಮಾತೇ ಆಡ್ತ್ನಿಲ್ಲೆ ಅಡ" ಎಂದಳು ಮಹಾಲಕ್ಷ್ಮಿ. "ಊಟನೂ ಸಮ ಮಾಡ್ತ್ನಿಲ್ಲೆ. ಪಾಪ. ನೀನು ಅವರ ಹಪ್ಪಳ ಕಾಯಲೆ ಹೋಗು ಕೂಸೆ. ಹಂಗೇ ಎರಡು ಮಾತಾಡ್ಸು. ನಾಳೆ ಅಂವ ನಮ್ಮನೆ ಹಪ್ಪಳ ಕಾಯ್ತ. ಮುಯ್ಯಿಗೆ ಆತು."

ತನಗಿಂತ ಹೆಚ್ಚು ಕೆಟ್ಟವರು ಪಕ್ಕದ ಮನೆಯಲ್ಲಿದ್ದಾರೆಂದು ತಿಳಿದರೆ ಮನುಷ್ಯರಿಗೆ ಎಂಥದೋ ಚೈತನ್ಯ ಬರುತ್ತದೆ. ತಿಂಗಳುಗಟ್ಟಲೆ ದಾಟದಿದ್ದ ದಣಪೆಯನ್ನು ನರ್ಮದಾ ದಾಟಿ ಹೋದದ್ದು ಹೀಗೆ. ಹೋಗಿ ಛತ್ರಿ ಹರಿದದ್ದನ್ನು ಆಗಲೇ ಹೇಳಿಯಾಯಿತು.

ಅವಳು ಛತ್ರಿಯನ್ನು ಕೇಳಿ ಪಡೆದು ಮನೆಗೆ ಒಯ್ದಳು. ಜಡೆ ಸಣ್ಣದಾದ ಮೇಲೆ ಪೆಟ್ಟಿಗೆ ಸೇರಿದ್ದ ಕಪ್ಪು ರಿಬ್ಬನ್ನನ್ನು ಕತ್ತರಿಸಿ ತೂತಿಗೆ ತೇಪೆ ಹಾಕಿದಳು. ಮರುದಿನ ಅವನು ಮುಯ್ಯಿ ತೀರಿಸಲು ಇವರ ಅಂಗಳಕ್ಕೆ ಬಂದಾಗ ಕೊಟ್ಟಳು.

ಹರಿಹರ ತೇಪೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಗಡ್ಡ ತೆಗೆದಿದ್ದ. ತೆಗೆದ ಮೇಲೆ ಅವನ ಕೆನ್ನೆಯಲ್ಲಿ ಒಂದು ಗುಳಿ ಇರುವುದು ಅವಳಿಗೆ ಕಂಡಿತು. ಕಂಡದ್ದು ಅವನಿಗೆ ಕಾಣದಿರಲೆಂದು ಅವಳು ಕಾಗೆಗಳ ಕಡೆ ನೋಡಿದಳು.

"ರಿಬ್ಬನ್ನು ಹಾಳಾತಲ್ಲೆ ಮಾರಾಯ್ತಿ" ಎಂದ.

"ಜಡೆಗಿಂತ ಛತ್ರಿಗೇ ಉಪಯೋಗ ಹೆಚ್ಚು ಈಗ" ಎಂದಳು. ಈ ಮಾತು ಬಾಯಿಂದ ಹೇಗೆ ಬಂತೆಂದು ಆಶ್ಚರ್ಯವಾಯಿತು. ಕೂದಲಿನ ವಿಷಯ ಅವಳು ಆಯಿ ಮಹಾಲಕ್ಷ್ಮಿಯ ಹತ್ತಿರವೂ ಆಡುತ್ತಿರಲಿಲ್ಲ.

ಅವನು ಅವಳ ಜಡೆಯನ್ನು ನೋಡಲಿಲ್ಲ. ನೋಡದಿರಲು ಅವನು ಪಟ್ಟ ಪ್ರಯತ್ನ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಮೊದಮೊದಲು ಅವಳು ಕರು ಹಾಕಿದ ಹಸುವಿನ ಹತ್ತಿರ ಮಾತಾಡುವಷ್ಟು ಮೃದುವಾಗಿ ಮಾತಾಡುತ್ತಿದ್ದಳು. ಬಿಸಿಲು ಹೆಚ್ಚಾಯಿತೇ, ನೀರು ಬೇಕೇ, ದಣಿವಾಯಿತೇ. ಅವನೂ ಅಷ್ಟೇ ಮೃದುವಾಗಿ ಇಲ್ಲವೆಂದು ಹೇಳಿ, ನಿನಗೆ ಹೇಗೆ ಎಂದು ಕೇಳುತ್ತಿದ್ದ. ಇಷ್ಟು ಮೆತ್ತಗೆ ಮಾತಾಡುವ ಗಂಡಸನ್ನು ಅವಳು ಕಂಡಿರಲಿಲ್ಲ. ಪಾಪ, ಕಾಯಿಲೆ ಇಷ್ಟು ಜೋರಾಗಿದೆಯಲ್ಲ ಎಂದು ಮರುಗಿದಳು.

ಅವರ ನಡುವಿನ ಈ ಆಸ್ಪತ್ರೆಯ ಸೌಜನ್ಯವನ್ನು ಮುರಿದದ್ದು ಒಂದು ಕುಂಟು ಕಾಗೆ. ಅದು ದಿನವೂ ಬಿಸಿಲೇರುವ ಹೊತ್ತಿಗೆ ಎರಡು ಮನೆಗಳ ನಡುವಿನ ಪಾಗಾರದ ಗೋಡೆಯ ಮೇಲೆ ಇಳಿದು, ಕತ್ತು ಓರೆ ಮಾಡಿ ಎರಡೂ ಅಂಗಳಗಳನ್ನು ಪರಿಶೀಲಿಸಿ, ತನ್ನ ಪಾಲು ಎತ್ತಿಕೊಂಡು, ಅವಸರವಿಲ್ಲದೆ ಹೊರಡುತ್ತಿತ್ತು. ಕಂದಾಯ ವಸೂಲಿಯ ಸಾಹೇಬರ ನೆನಪಾಗಿ ಹರಿಹರ ಅದಕ್ಕೆ ಮಾಮಲೇದಾರ ಎಂದು ಹೆಸರಿಟ್ಟ. ನರ್ಮದಾ ಮೊದಲ ಬಾರಿ ಗಟ್ಟಿಯಾಗಿ ನಕ್ಕಳು. ನಕ್ಕ ಸದ್ದಿಗೆ ಉಳಿದ ಕಾಗೆಗಳು ಹಾರಿದವು. ಮಾಮಲೇದಾರ ಹಾರಲಿಲ್ಲ.

ಆಮೇಲೆ ಇನ್ನೊಂದು ಸಂಗತಿ ನಡೆಯಿತು. ಅರ್ಧ ಒಣಗಿದ ಹಲಸಿನ ಹಪ್ಪಳ ಕಚ್ಚಿದರೆ ಚರ್ಮದ ಹಾಗೆ ಎಳೆಯುತ್ತದೆ. ಖಾರ ಮೊದಲು, ಹಲಸು ಆಮೇಲೆ. ಕಾಯುವವರು ಅದನ್ನು ತಿನ್ನಬಾರದೆಂಬುದು ನಿಯಮ, ತಿನ್ನುವುದು ಪದ್ಧತಿ. ಅವಳು ಒಂದನ್ನು ಹರಿದು ಅರ್ಧ ಅವನ ಕಡೆ ಚಾಚಿದಳು. ಅವನು ತೆಗೆದುಕೊಂಡ. ಊಟ ಬಿಟ್ಟವನೆಂದು ಪ್ರಸಿದ್ಧನಾದವನು ನಿಧಾನವಾಗಿ ಅಗಿದು, ಚಾಪೆಯ ಕಡೆ ನೋಡಿ, ಇನ್ನೊಂದಕ್ಕೆ ಕೈ ಹಾಕಿದ.

"ಇದ್ನೂ ಮಾಮಲೇದಾರನ ಲೆಕ್ಕಕ್ಕೆ ಬರ್ಕೊ" ಎಂದ.

ಅವತ್ತು ನರ್ಮದಾ ಮನೆಗೆ ಬಂದು, ಆ ಮಾಣಿ ತಿಂದ ಎಂದು ತಾನೇ ಅಡುಗೆ ಮಾಡಿ ಬಡಿಸಿದವಳಂತೆ ವರದಿ ಒಪ್ಪಿಸಿದಳು. ಮಹಾಲಕ್ಷ್ಮಿ ಮಗಳ ಬಿಸಿಲಿಗೆ ಕೆಂಪಾದ ಮುಖವನ್ನು ನೋಡಿ, ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

ಮಾಮಲೇದಾರ ಒಂದು ದಿನ ಇಡೀ ಹಪ್ಪಳವನ್ನೇ ಕಚ್ಚಿಕೊಂಡು ಹಾರಿದಾಗ, ಎಲ್ಲಿಗೆ ಒಯ್ಯುತ್ತದೆಂದು ನೋಡಲೇಬೇಕು ಎಂದು ಹರಿಹರ ಎದ್ದ. ಅವನೊಬ್ಬನನ್ನೇ ಬಿಡುವುದು ಸರಿಯಲ್ಲವೆಂದು ನರ್ಮದಾ ಹಿಂದೆ ಹೋದಳು. ತಲೆಯೆತ್ತಿ ಕಾಗೆಯನ್ನೇ ನೋಡುತ್ತ ತೆಂಗಿನ ತೋಟ ದಾಟಿ, ಮರಳ ದಾರಿ ದಾಟಿ, ಸಮುದ್ರದ ದಂಡೆಗೆ ಬಂದಿದ್ದರು. ಅಲ್ಲಿ ಮೀನು ಒಣಗಿಸುತ್ತಿದ್ದ ಹೊನ್ನಮ್ಮ ಸೊಂಟದ ಮೇಲೆ ಕೈಯಿಟ್ಟು ಇವರನ್ನು ನೋಡಿದಳು.

"ಕಾಕಿ ಹಿಂದೆ ಬಂದ್ರ? ನಮ್ ಮೀನ್ ತಿಂದ್ ತಿಂದ್ ಅದ್ಕೂ ಬೇಜಾರ್ ಬಂದದೆ. ಎರಡ್ ದಿನ ನಿಮ್ ಹಪ್ಪಳ ತಿನ್ಲಿ ಬಿಡಿ" ಎಂದಳು.

ಹಿಂದೆ ಬರುವಾಗಲೇ ತಾನು ಎಷ್ಟು ದೂರ ಹೋಗಿದ್ದೆನೆಂಬುದು ನರ್ಮದೆಗೆ ಗೊತ್ತಾದದ್ದು. ಆದರೆ ಅದನ್ನು ಅವಳು ಹರಿಹರನ ಆರೋಗ್ಯದ ಖಾತೆಗೆ ಜಮಾ ಮಾಡಿದಳು. ಅವನಿಗೆ ಗಾಳಿ ಬೇಕಿತ್ತು.

ಹೀಗೆ ಅವನಿಗಾಗಿ ಅವಳು ದಿನಾ ದಂಡೆಯವರೆಗೆ ಹೋದಳು. ಅವನಿಗಾಗಿಯೇ ಬಸ್ಸಿನ ರಸ್ತೆಯವರೆಗೂ ಹೋದಳು. ಭಟ್ಕಳದ ಬಸ್ಸು ಅಲ್ಲಿ ನಿಂತು, ಡ್ರೈವರು ಚಾ ಕುಡಿಯಲು ಇಳಿಯುವ ಪದ್ಧತಿ. ತಾನು ಬಸ್ಸು ಹತ್ತಿ ಸುಮಾರು ದಿನವಾಯಿತು, ಸುಮ್ಮನೆ ಒಳಗೆ ಕೂತು ನೋಡೋಣವೇ ಎಂದು ಅವನು ಕೇಳಿದ. ಪಾಪ, ಬಸ್ಸೆಂದರೆ ಹೆದರಿಕೆ ಇವನಿಗೆ ಎಂದುಕೊಂಡು ಅವಳು ಹತ್ತಿದಳು. ಅವನು ಹಿಂದಿನ ಸೀಟಿನಲ್ಲಿ ಕೂತ. ಕಂಡಕ್ಟರು ಯಾಕೋ ಬಾಗಿಲನ್ನು ದಢಾರನೆ ಎಳೆದ. ಅವಳ ಅಂಗೈ ಒದ್ದೆಯಾಯಿತು.

"ಹೆದರಡ" ಎಂದಳು, ಹಿಂದೆ ತಿರುಗದೆ.

"ಹೆದರ್ತ್ನಿಲ್ಲೆ. ನೀನಿದ್ದೆ ಅಲ್ದ" ಎಂಬ ದನಿ ಕಿವಿಯ ಹತ್ತಿರವೇ ಬಂತು.

ಆ ದಿನದಿಂದ ನರ್ಮದೆಗೆ ಒಂದು ಕಷ್ಟ ಶುರುವಾಯಿತು. ಕೇರಿಯ ಪದ್ಧತಿಯಂತೆ ಅವನನ್ನು ಅವಳು ಹರಿಯಣ್ಣ ಎನ್ನಬೇಕು. ಅಲ್ಲಿಯವರೆಗೆ ಎನ್ನುತ್ತಲೂ ಇದ್ದಳು. ಈಗ 'ಹರಿ' ಎಂಬುದು ಸರಾಗವಾಗಿ ಬಂದು, 'ಅಣ್ಣ' ಎಂಬುದು ಗಂಟಲಲ್ಲೇ ಕೂರತೊಡಗಿತು. ಕಡೆಗೆ ಹೆಸರು ಹಿಡಿಯುವುದನ್ನೇ ಬಿಟ್ಟು, "ಇಲ್ಲಿ ನೋಡು" ಎಂದು ಕರೆಯಲು ಶುರು ಮಾಡಿದಳು. ಅವಳು ಇನ್ನೂ ಕರೆಯದಿದ್ದಾಗಲೂ ಅವನು ನೋಡುತ್ತಿದ್ದ.

ಒಂದು ಮಧ್ಯಾಹ್ನ, ಕಾಗೆಗಳೂ ನೆರಳು ಹುಡುಕಿ ಹೋಗಿದ್ದಾಗ, ಅವಳು ಅಕ್ಕಿ ಕೋಣೆಯ ಕಥೆ ಹೇಳಿದಳು. ಅವನು ಬಾಯಿ ಬಿಡಲಿ ಎಂಬ ಉದ್ದೇಶದಿಂದಲೇ ಶುರು ಮಾಡಿದ್ದು. ಆದರೆ ನಡುವೆಲ್ಲೋ ಉದ್ದೇಶ ಮರೆತುಹೋಯಿತು. ಬಾಗಿಲ ಹೊರಗೆ ಎಲ್ಲರೂ ಊಟ ಮಾಡುವ ಸದ್ದು, ಮಗು ನಗುವ ಸದ್ದು, ಯಾರೋ ಉಪ್ಪಿನಕಾಯಿ ಕೇಳುವ ಸದ್ದು. ತಾನು ಸತ್ತ ಮೇಲೂ ಹೀಗೇ ಉಪ್ಪಿನಕಾಯಿ ಕೇಳುತ್ತಾರೆ ಎಂದು ಅನ್ನಿಸಿದ್ದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವನು ಸಮಾಧಾನ ಹೇಳಲಿಲ್ಲ. ಟಾನಿಕ್‌ನ ಹೆಸರೂ ಹೇಳಲಿಲ್ಲ. ತನ್ನದನ್ನು ಹೇಳಿದ. ಬೊಂಬಾಯಿಯ ಒಂದು ಖೋಲಿಯಲ್ಲಿ ಈ ಕಡೆಯ ಹುಡುಗರೆಲ್ಲ ಒಟ್ಟಿಗಿದ್ದರು. ಎಲ್ಲರೂ ಮಲಗಿದರು, ಇವನೊಬ್ಬ ಎದ್ದಿದ್ದ. ಎಲ್ಲರನ್ನೂ ನೋಡಿಕೊಂಡ. ಮಿರ್ಜಾನದ ಮಾದೇವ ಮೋಸಂಬಿ ಬೇಕೆಂದ. ಇವನು ಮಾದೇವನ ಛತ್ರಿಯನ್ನೇ ಹಿಡಿದು ಮಳೆಯಲ್ಲಿ ಮೋಸಂಬಿ ತರಲು ಹೋದ. ತಂದಾಗ ತಿನ್ನುವವನಿರಲಿಲ್ಲ.

"ಆ ಛತ್ರಿಯ ಇದು?" ಎಂದಳು ನರ್ಮದಾ.

"ಹೌದು. ಅವನ ಆಯಿಗೆ ಕೊಡವು. ಮಿರ್ಜಾನಕ್ಕೆ ಹೋಪಲೆ ಆಗ್ತಾ ಇಲ್ಲೆ. ಹೋದ್ರೆ ಎಂತ ಹೇಳುದು? ಆನು ಅಂಗಡಿಗೆ ಹೋಗಿದ್ದೆ ಹೇಳಿಯ?"

ತೇಪೆಯ ಮೇಲೆ ಒಮ್ಮೆ ಬೆರಳಾಡಿಸಿ, ಇನ್ನೊಂದು ಸುತ್ತು ಹೊಲಿಗೆ ಹಾಕಿಕೊಡುತ್ತೇನೆ ಎಂದಳು. ಅವನು ತಲೆಯಾಡಿಸಿದ. ಮಾಮಲೇದಾರ ಆ ಮಧ್ಯಾಹ್ನ ಎಷ್ಟು ಹಪ್ಪಳ ಒಯ್ದನೋ ಇಬ್ಬರೂ ನೋಡಲಿಲ್ಲ.

ಕೆಟ್ಟದ್ದು ನಡೆದದ್ದು ಪುರೋಹಿತರ ಹೆಂಡತಿ ವಸಂತಿಯ ಮನೆಯಲ್ಲಿ. ಅಲ್ಲಿ ಅವತ್ತು ಹಪ್ಪಳ ಒತ್ತುವ ದಿನ. ಕೇರಿಯ ಹೆಂಗಸರೆಲ್ಲ ಮುಯ್ಯಿಗೆ ಸೇರಿದ್ದರು. ಮಹಾಲಕ್ಷ್ಮಿ ಮತ್ತು ಹರಿಹರನ ತಾಯಿ ಸುಬ್ಬಲಕ್ಷ್ಮಿ ಅಕ್ಕಪಕ್ಕ ಕೂತು ಮಣೆ ಒತ್ತುತ್ತಿದ್ದರು. ನರ್ಮದಾ ಒಳಗಿನಿಂದ ಎಣ್ಣೆಯ ಬಟ್ಟಲು ತರುತ್ತಿದ್ದಳು. ವಸಂತಿ ಒಳ್ಳೆಯ ಮನಸ್ಸಿನವಳು. ಊರಿನಲ್ಲಿ ಹೆಚ್ಚಿನ ಅನಾಹುತಗಳಿಗೆ ಅವಳ ಒಳ್ಳೆಯ ಮನಸ್ಸೇ ಕಾರಣ.

"ಸುಬ್ಬಕ್ಕ, ನಿನ್ನ ಮಾಣಿ ದೊಡ್ಡ ಉಪಕಾರ ಮಾಡ್ದ ನೋಡು" ಎಂದಳು. "ನರ್ಮದಾ ಕೂಸು ದಣಪೆ ದಾಟಿತ್ತಿಲ್ಲೆ ಹೇಳಿ ನೀನೇ ಹೇಳಿದ್ದೆ. ಈಗ ಬಸ್ಸಿನವರೆಗೆ ಹೋಗ್ತು."

ಮಹಾಲಕ್ಷ್ಮಿಯ ಮಣೆ ನಿಂತಿತು. "ಯಾರು ಯಾರಿಗೆ ಉಪಕಾರ ಮಾಡಿದ್ದು ವಸಂತಿ? ಊಟ ಬಿಟ್ಟು ಮೂಲೆಲಿ ಕೂತಿದ್ದ ಮಾಣಿಗೆ ತಿನ್ಸಿದ್ದು ಯಾರು ಹೇಳಿ ಕೇಳು."

"ನಿನ್ನ ಕೂಸಿನ ಮರ್ಯಾದಿ ಹೋಗ್ಲಾಗ ಹೇಳಿ ಆನು ಇಷ್ಟು ದಿನ ಸುಮ್ಮನಿದ್ದೆ, ಮಹಾಲಕ್ಷ್ಮಿ" ಎಂದಳು ಸುಬ್ಬಲಕ್ಷ್ಮಿ.

"ಆನೂ ಅದಕ್ಕೇ ಸುಮ್ಮನಿದ್ದೆ, ಸುಬ್ಬಕ್ಕ."

ಯಾರೂ ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು. ಇಬ್ಬರೂ ತಲೆ ತಗ್ಗಿಸಿ ಒತ್ತುತ್ತಲೇ ಹೋದರು. ಹಪ್ಪಳಗಳು ತೆಳ್ಳಗಾಗುತ್ತ ಆಗುತ್ತ ಕೆಳಗಿನ ಬಾಳೆ ಎಲೆಯ ನರ ಕಾಣುವಂತಾಯಿತು. ಅಷ್ಟು ನಾಜೂಕಿನ ಹಪ್ಪಳ ವಸಂತಿಯ ಮನೆಯಲ್ಲಿ ಮೊದಲು ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಇಬ್ಬರು ತಾಯಂದಿರೂ ಪಕ್ಕದ ಮನೆಯ ಮಗುವಿನ ಬಗ್ಗೆ ಹೇಳಿದ್ದು ಪೂರಾ ನಿಜ. ತಮ್ಮದರ ಬಗ್ಗೆ ಮುಚ್ಚಿಟ್ಟದ್ದು ಮಾತ್ರ ಸುಳ್ಳು. ಆದರೆ ಈ ಲೆಕ್ಕ ಹಾಕುವ ಸ್ಥಿತಿಯಲ್ಲಿ ನರ್ಮದಾ ಇರಲಿಲ್ಲ. ಎಣ್ಣೆಯ ಬಟ್ಟಲನ್ನು ಹೊಸಿಲ ಮೇಲೆ ಇಟ್ಟು ಮನೆಗೆ ಬಂದಳು. ಹಾಗಾದರೆ ಅವನ ಮೆತ್ತಗಿನ ಮಾತು ಕಾಯಿಲೆಯಲ್ಲ, ಮದ್ದು. ಸಮುದ್ರದ ದಂಡೆ ಮದ್ದು. ಬಸ್ಸು ಮದ್ದು. ಆ ನೋಟಗಳು ಕೂಡ ಹೊತ್ತಿಗೊಂದು ಚಮಚ. ತಾನು ಅವನನ್ನು ನೋಡಿಕೊಳ್ಳುತ್ತಿದ್ದೇನೆಂದು ಬೀಗಿದ್ದು ನೆನಪಾಗಿ ಕಿವಿ ಸುಟ್ಟಿತು. ಕೋಣೆಗೆ ಹೋಗಿ ಬಿದ್ದು ಅತ್ತಳು. ಸಿಟ್ಟಿನಲ್ಲಿ ಎಷ್ಟು ಹೊತ್ತು ಕಳೆಯಿತೋ, ಬಿಸಿಲು ವಾಲಿದ ಮೇಲೆ ಅಪ್ಪ ವೆಂಕಟ್ರಮಣ ಹೆಗಡೆ ಹೊರಗಿನಿಂದ ಬಾಗಿಲು ತಟ್ಟಿದರು.

ಆಗ ಅವಳು ತಲೆಯೆತ್ತಿ ನೋಡಿದಳು. ಬಾಗಿಲು ಮುಚ್ಚಿತ್ತು. ಮುಚ್ಚಿದ್ದು ತಾನೇ. ಅಷ್ಟು ಹೊತ್ತೂ ಮುಚ್ಚಿದ ಕೋಣೆಯಲ್ಲಿ ಕೂತು ಅವಳು ಸಿಟ್ಟು ಮಾಡಿದ್ದಳು, ಅತ್ತಿದ್ದಳು, ಮೂಗು ಒರೆಸಿಕೊಂಡಿದ್ದಳು. ಉಸಿರಾಡಲು ಮಾತ್ರ ಮರೆತಿರಲಿಲ್ಲ.

ಮುಯ್ಯಿ ಮುರಿಯಿತು. ಕಾಯುವವರಿಲ್ಲದ ಎರಡು ಅಂಗಳಗಳಿಗೆ ಮಾಮಲೇದಾರ ತನ್ನ ಕಚೇರಿಯ ಸಿಬ್ಬಂದಿಯನ್ನೆಲ್ಲ ಕರೆದುಕೊಂಡು ಬಂದ. ಮೊದಲ ಮಳೆ ಬಿತ್ತು. ಪಾಗಾರದ ಆಚೆ ಛತ್ರಿ ಕಾಣಲಿಲ್ಲ.

ಜೂನ್ ಬಂತು. ಹೋಗುತ್ತೀಯೋ ಎಂದು ಅಪ್ಪ ಕೇಳಿದಾಗ ನರ್ಮದಾ ಹೋಗುತ್ತೇನೆಂದಳು. ಚಿಕ್ಕಮ್ಮನ ಮನೆಯಲ್ಲಿ ತನಗೆ ಹೊರಜಗುಲಿಯ ಕೋಣೆಯೇ ಬೇಕೆಂದೂ ಹೇಳಿದಳು. ಹೇಳಿದ್ದೇನೋ ಸೈ. ಆದರೆ ಲಾಂಚನ್ನು ನೆನೆದಾಗಲೆಲ್ಲ ಅಂಗೈ ಒದ್ದೆಯಾಗುತ್ತಿತ್ತು. ಈಗ ತಾನು ಹೆದರಡ ಎಂದು ಹೇಳಲು ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ.

ಹೊರಡುವ ದಿನ ಪಾಗಾರದ ಮೇಲೆ ಒಂದು ಡಬ್ಬಿ ಇತ್ತು. ತುಂಬ ಹಪ್ಪಳ. ಸುಬ್ಬಲಕ್ಷ್ಮಿ ಇಟ್ಟು ಹೋಗಿದ್ದಳು, ಮಾತಾಡದೆ. ಮಹಾಲಕ್ಷ್ಮಿ ಅದನ್ನು ಸುಮಾರು ಹೊತ್ತು ನೋಡಿ, ನೀನೇ ಕಾದದ್ದಲ್ಲವೇ, ಒಯ್ಯಿ ಎಂದು ಮಗಳಿಗೆ ಕೊಟ್ಟು, ಪಾಗಾರದ ಮೇಲಿನ ಖಾಲಿ ಜಾಗದಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ ಇಟ್ಟಳು, ಅವಳೂ ಮಾತಾಡದೆ.

ಹೊಳೆಯ ಈಚೆ ದಡದ ಕಾಸರಕೋಡಿನಲ್ಲಿ, ಲಾಂಚು ಕಟ್ಟುವ ಧಕ್ಕೆಯ ಹತ್ತಿರ ಬಸ್ಸು ಇಳಿದಾಗ ಸಣ್ಣ ಮಳೆ. ಹೊಳೆ ಕೆಂಪಗೆ ಉಬ್ಬಿತ್ತು. ಲಾಂಚು ಗುಟುಗುಟು ಎನ್ನುತ್ತಿತ್ತು. ಧಕ್ಕೆಯ ಕಟ್ಟೆಯ ಮೇಲೆ ಒಂದು ಕಪ್ಪು ಛತ್ರಿ ಬಿಚ್ಚಿ ಕೂತಿತ್ತು. ರಿಬ್ಬನ್ನಿನ ತೇಪೆ ದೂರದಿಂದಲೇ ಕಂಡಿತು. ಈ ಸಲ ಛತ್ರಿಯ ಕೆಳಗೆ ಮನುಷ್ಯನಿರುವನೆಂದು ಅವಳಿಗೆ ಗೊತ್ತಿತ್ತು.

ವೆಂಕಟ್ರಮಣ ಹೆಗಡೆಯವರು ಛತ್ರಿಯನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಟ್ರಂಕು ಹೊತ್ತವನ ಹಿಂದೆ, ಜಾಗ ಹಿಡಿಯುತ್ತೇನೆಂದು ಹೇಳಿ, ಜಾಗ ಬೇಕಾದಷ್ಟಿದ್ದ ಲಾಂಚಿಗೆ ಅವಸರವಾಗಿ ಹತ್ತಿದರು.

ಹರಿಹರ ಎದ್ದು ನಿಂತ. ಮುಖ ಬಿಳಿಚಿತ್ತು.

"ಬೆಳಗಿಂದ ಕೂತಿದ್ದೆ. ಮಿರ್ಜಾನಕ್ಕೆ ಹೇಳಿ ಹೊರಟಿದ್ದು. ಲಾಂಚು ಬತ್ತು, ಹೋಗ್ತು. ಕಾಲು ಏಳ್ತಾ ಇಲ್ಲೆ."

ಅವಳು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಖಾರದ ಮಾತುಗಳೆಲ್ಲ ಆ ಮುಖ ನೋಡಿ ಎಲ್ಲೋ ಹೋದವು. ಇದು ಮದ್ದು ಕೊಡುವವರ ಮುಖವಾಗಿರಲಿಲ್ಲ. ಅಕ್ಕಿ ಕೋಣೆಯಿಂದ ಹೊರಬಂದ ದಿನ ಕನ್ನಡಿಯಲ್ಲಿ ಅವಳು ಇದೇ ಮುಖವನ್ನು ಕಂಡಿದ್ದಳು.

"ನಿನ್ನ ಮಾತಾಡ್ಸು ಹೇಳಿ ಆಯಿ ಹೇಳಿದ್ದು ಹೌದು" ಎಂದ ಅವನು. "ಸುಳ್ಳು ಹೇಳ್ತ್ನಿಲ್ಲೆ."

"ನಂಗೂ ಹಂಗೇ ಹೇಳಿ ಕಳಿಸಿದ್ದು."

"ಅದು ಮೊದಲ ದಿನ."

"ಮತ್ತೆ?"

"ಎರಡನೇ ದಿನ ಯಾರೂ ಕಳಿಸಿದ್ದಲ್ಲ. ಆನೇ ಬಂದಿದ್ದು." ಛತ್ರಿಯ ಹಿಡಿಯನ್ನು ತಿರುಗಿಸಿದ. "ಗಡ್ಡ ತೆಗೆದಿದ್ದು ನೋಡಿದ್ದಿಲ್ಯ ನೀನು?"

ನೋಡಿದ್ದೆನೆಂದು ಹೇಳಲು ಅವಳಿಗೆ ನಾಚಿಕೆಯಾಯಿತು. ನೋಡಿಲ್ಲವೆಂದು ಹೇಳಲು ಆ ಗುಳಿ ಬಿಡಲಿಲ್ಲ.

"ಹಂಗಾದ್ರೆ ನಮ್ಮಿಬ್ಬರಲ್ಲಿ ರೋಗಿ ಯಾರು?" ಎಂದಳು.

"ಇಬ್ಬರೂ" ಎಂದ. ಯಾವುದೋ ದೊಡ್ಡ ಹೊರೆಯನ್ನು ಧಕ್ಕೆಯ ಮೇಲೆ ಇಳಿಸಿದವನಂತೆ ಕಂಡ.

ಲಾಂಚಿನ ಆಳು ಹಮ್ಮ ಎಂಬವನು ಹಗ್ಗ ಬಿಚ್ಚುತ್ತ, ಛತ್ರಿಯವರು ಇವತ್ತಾದರೂ ಬರುವವರೋ ಅಥವಾ ಧಕ್ಕೆಯನ್ನೇ ಕಾಯಲು ಕೂತವರೋ ಎಂದು ಇಡೀ ಲಾಂಚಿಗೆ ಕೇಳುವಂತೆ ವಿಚಾರಿಸಿದ.

ನರ್ಮದಾ ಹೊಳೆಯನ್ನು ನೋಡಿದಳು. ಆಮೇಲೆ ಅವನನ್ನು.

"ನಡಿ. ನಿನ್ನ ಆನು ದಾಟಿಸ್ತೆ. ನನ್ನ ನೀನು ದಾಟ್ಸು."

"ಮುಯ್ಯಿಗೆ?"

"ಮುಯ್ಯಿಗೇ. ಆದ್ರೆ ತೀರ್ಸಲೆ ಇಲ್ಲೆ. ತೀರಿದ್ರೆ ಮತ್ತೆ ಬಪ್ಪ ಕಾರಣ ಇರ್ತಿಲ್ಲೆ."

ಅವನ ಕೆನ್ನೆಯ ಗುಳಿ ತಡವಾಗಿ, ಆದರೆ ಪೂರ್ತಿಯಾಗಿ ಮೂಡಿತು. ಇಬ್ಬರೂ ಒಟ್ಟಿಗೇ ಹಲಗೆಯ ಮೇಲೆ ಕಾಲಿಟ್ಟರು. ಯಾರು ಮೊದಲು ಇಟ್ಟರೆಂದು ಹಮ್ಮನಿಗೂ ಹೇಳಲಾಗಲಿಕ್ಕಿಲ್ಲ.

ಲಾಂಚಿನ ಮೂತಿಯ ಹತ್ತಿರ, ಗಾಳಿ ಬರುವಲ್ಲಿ, ಛತ್ರಿಯ ಕೆಳಗೆ ಕೂತರು. ತೇಪೆ ಒಂದು ಹನಿಯನ್ನೂ ಬಿಡಲಿಲ್ಲ. ನಡುಹೊಳೆಯಲ್ಲಿ ಹೆದರಿಕೆ ಬಂತು. ಬಾರದಿರುತ್ತದೆಂದು ಅವಳೂ ತಿಳಿದಿರಲಿಲ್ಲ. ಅದು ಮಾಮಲೇದಾರನ ಹಾಗೆ ಬಂದು ಇಳಿದು, ಕತ್ತು ಓರೆ ಮಾಡಿ ಎಲ್ಲವನ್ನೂ ಪರಿಶೀಲಿಸಿತು. ಅವಳು ಅವನ ಅಂಗಿಯ ತೋಳಿನ ಅಂಚು ಹಿಡಿದಳು. ಆ ತೋಳೂ ನಡುಗುತ್ತಿತ್ತು. ನಡುಗುವ ಎರಡು ವಸ್ತುಗಳನ್ನು ಒಟ್ಟಿಗೆ ಹಿಡಿದರೆ ಎರಡೂ ಸ್ವಲ್ಪ ಕಡಿಮೆ ನಡುಗುತ್ತವೆ. ಹೆದರಿಕೆ ತನ್ನ ಪಾಲಿನ ತುಂಡು ಕಿತ್ತುಕೊಂಡು ಹಾರಿತು.

ಮಾದೇವನ ಆಯಿಗೆ ಏನು ಹೇಳಲಿ ಎಂದು ಅವನು ಕೇಳಿದ. ಮೋಸಂಬಿ ತಂದಿದ್ದೆ ಎಂದು ಹೇಳು, ಎಂದಳು ಅವಳು. ಅವನು ಅದನ್ನೇ ಒಮ್ಮೆ ಬಾಯಲ್ಲಿ ಹೇಳಿ ನೋಡಿ, ಅಷ್ಟು ಹೇಳಬಹುದು ಎಂದ. ಅಲ್ಲಿಂದ ಹಿಂದೆ ಬರುವಾಗ ಕುಮಟೆಯಲ್ಲಿ ಇಳಿಯುತ್ತೇನೆ, ಹೊರಜಗುಲಿಯ ಕೋಣೆ ಯಾವ ರಸ್ತೆಗೆ ಕಾಣುತ್ತದೆ ಎಂದೂ ಕೇಳಿದ. ಅವಳು ಹೇಳಿದಳು, ಬೇಕಾದದ್ದಕ್ಕಿಂತ ವಿವರವಾಗಿ.

ಅಷ್ಟರಲ್ಲಿ ಹಿಂದೆ ಗಂಟಲು ಸರಿಪಡಿಸಿದ ಸದ್ದಾಯಿತು. ಇಬ್ಬರೂ ತಿರುಗಿದರು. ವೆಂಕಟ್ರಮಣ ಹೆಗಡೆಯವರು ಹಪ್ಪಳದ ಡಬ್ಬಿ ಹಿಡಿದು ನಿಂತಿದ್ದರು. ತೋಳಿನ ಅಂಚನ್ನು ಬಿಡುವ ಸಮಯ ಮೀರಿತ್ತು.

"ಹರಿಹರ, ಈ ಡಬ್ಬಿ ಸ್ವಲ್ಪ ಹಿಡ್ಕ" ಎಂದರು. "ಮುಚ್ಚಳ ಸಮ ಇಲ್ಲೆ, ಹೊಳೆ ಮೇಲೆ ಕಾಗೆ ಇದ್ದು. ಕಾದು ನಿಂಗೆ ಅಭ್ಯಾಸ ಇದ್ದಲ."

ಹರಿಹರ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ.

ಹೆಗಡೆಯವರು ಹೊರಟವರು ಮತ್ತೆ ನಿಂತು, ಮಳೆಯ ಕಡೆ ನೋಡುತ್ತ, ಮಳೆಯ ಹತ್ತಿರವೇ ಹೇಳುವಂತೆ ಹೇಳಿದರು: "ನಿನ್ನ ಆಯಿಗೆ ಒಂದು ಮಾತು ಹೇಳಕ್ಕು. ಎರಡು ಮನೆ ಹಪ್ಪಳ ಎರಡು ಅಂಗಳದಲ್ಲಿ ಒಣಗ್ಸಿ ಕಾಯುದು ಕಷ್ಟ. ಮುಂದಿನ ವರ್ಷ ಒಂದೇ ಅಂಗಳ ಆದ್ರೆ ಹೆಂಗೆ ಹೇಳಿ ಕೇಳು. ಪಂಚಾಂಗ ಆನು ನೋಡ್ತೆ. ಕೂಸಿನ ಪರೀಕ್ಷೆ ಮುಗಿದ ಮೇಲೆ."

ನರ್ಮದಾ ಮುಖವನ್ನು ಹೊಳೆಯ ಕಡೆ ತಿರುಗಿಸಿದಳು. ಹೊಳೆ ಯಾವಾಗ ಮುಗಿಯಿತೋ ಅವಳಿಗೆ ಗೊತ್ತಾಗಲಿಲ್ಲ.